ನಲವತ್ತೊಂದನೆಯ ಸ್ಲೈಡು

ಒಂದು ರೋಲಿನಲ್ಲಿ ಮೂವತ್ತಾರೇ ಚಿತ್ರಗಳಿದ್ದ ಕಾಲ ಅದು. ಮೂವತ್ತಾರೂ ಮುಗಿಯುವವರೆಗೆ ಒಂದನೆಯದು ಹೇಗೆ ಬಂದಿದೆ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮುಂಜಿವೆ, ಮದುವೆ, ಸಮುದ್ರ ನೋಡಲು ಹೋದದ್ದು ಎಲ್ಲವೂ ಕ್ಯಾಮೆರಾದ ಕತ್ತಲೆಯಲ್ಲಿ ತಿಂಗಳುಗಟ್ಟಲೆ ಕೂತು ಸ್ಟುಡಿಯೋದವನ ದಾರಿ ಕಾಯುತ್ತಿದ್ದವು. ನಿಮ್ಮ ಮನೆಯಲ್ಲೂ ಹೀಗೇ ಇದ್ದಿರಬೇಕು. ನಮ್ಮ ಬಿಲ್ಡಿಂಗಿನ ದೇಸಾಯಿ ಕಾಕಾ ಮಾತ್ರ ಆ ಮೂವತ್ತಾರನ್ನೂ ಉಪ್ಪು, ಸಕ್ಕರೆ, ಲಿಂಬೆಹುಳಿ ಮತ್ತು ತಲೆನೋವಿನ ಗುಳಿಗೆಯ ಮೇಲೆ ಖರ್ಚು ಮಾಡುತ್ತಿದ್ದರು.

ವಡೋದರಾದ ಗೋರ್ವಾದಲ್ಲಿ ನಮ್ಮ ಮನೆ. ಅಪ್ಪನಿಗೆ ವಿಮಾ ಕಚೇರಿಯ ಕೆಲಸ. ಹುಬ್ಬಳ್ಳಿಯಿಂದ ವರ್ಗವಾಗಿ ಬಂದಿದ್ದೆವು. ನಾನಾಗ ಏಳನೆಯ ಕ್ಲಾಸು ಎಂದು ನನ್ನ ಲೆಕ್ಕ, ಅವ್ವ ಆರನೆಯದು ಎನ್ನುತ್ತಾಳೆ. ಬೆಳಗಿನ ಗಾಳಿಯಲ್ಲಿ ಕಾರ್ಖಾನೆಗಳ ಹುಳಿ ವಾಸನೆಯೂ ಮೂಲೆಯಂಗಡಿಯ ಕರಿದ ಫಾಫಡಾದ ವಾಸನೆಯೂ ಬೆರೆತು ಬರುತ್ತಿತ್ತು ಎಂಬುದರಲ್ಲಿ ಮಾತ್ರ ನಮ್ಮಿಬ್ಬರಿಗೂ ತಕರಾರಿಲ್ಲ.

ಕಾಕಾ ಧಾರವಾಡದವರು. ಬಣ್ಣ ತಯಾರಿಸುವ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ. ದೇಸಾಯಿ ಎಂಬ ಅಡ್ಡಹೆಸರು ಕೇಳಿದ ಗುಜರಾತಿಗಳೆಲ್ಲ ಅವರನ್ನು ತಮ್ಮವರೇ ಎಂದುಕೊಂಡು ಮಾತಿಗಿಳಿಯುತ್ತಿದ್ದರು. ಐದು ನಿಮಿಷದ ನಂತರ ಕಾಕಾನ ಗುಜರಾತಿ ಕೇಳಿದ ಅವರ ಮುಖ ನೋಡಬೇಕಿತ್ತು. ಮೂರನೆಯ ಮಹಡಿಯ ಅವರ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಹಳೆಯ ಮೈಕ್ರೋಸ್ಕೋಪು ಇತ್ತು. ಅದರ ನೆತ್ತಿಗೆ ಪ್ಲಾಸ್ಟಿಕ್ ಪೈಪಿನ ತುಂಡೊಂದನ್ನು ಕೂಡಿಸಿ, ಪೈಪಿನ ಮೇಲೆ ಕ್ಯಾಮೆರಾ ಕೂರಿಸಿದ್ದರು. ಕೆಟ್ಟ ಕ್ಯಾಲ್ಕುಲೇಟರಿನ ಪರದೆಯಿಂದ ಬಿಡಿಸಿದ ಬೂದು ಹಾಳೆಯ ಎರಡು ಚೂರು: ಒಂದು ಸ್ಲೈಡಿನ ಕೆಳಗೆ, ಒಂದು ಮೇಲೆ. ಮೇಲಿನದನ್ನು ತಿರುಗಿಸುತ್ತ ಹೋದರೆ ಎಲ್ಲವೂ ಕಪ್ಪಾಗಿ, ಆ ಕಪ್ಪಿನೊಳಗಿಂದ ಹರಳುಗಳು ಮಾತ್ರ ಬಣ್ಣಬಣ್ಣವಾಗಿ ಎದ್ದು ಬರುತ್ತಿದ್ದವು.

ಮೊದಲ ಸಲ ನೋಡಿದಾಗ ನಾನು ಕಣ್ಣು ತೆಗೆದು ಸ್ಲೈಡನ್ನೇ ನೋಡಿದೆ. ಬರಿಗಣ್ಣಿಗೆ ಅಲ್ಲಿ ಒಣಗಿದ ಬಿಳಿ ಕಲೆ ಅಷ್ಟೇ.

"ಕಾಕಾ, ಬಣ್ಣ ಎಲ್ಲಿಂದ ಬಂತು?"

"ಬಣ್ಣ ಬೆಳಕಿನೊಳಗಽ ಇತ್ತು. ಹರಳು ಅದನ್ನ ಬಿಚ್ಚಿ ತೋರಸ್ತದ, ಅಷ್ಟ."

"ಉಪ್ಪಿನಾಗ ಯಾಕ ಬರೂದಿಲ್ಲ?"

"ಉಪ್ಪಿಗೆ ಆ ಕಸರತ್ತು ಬರೂದಿಲ್ಲ. ಗಾಜಿಗೂ ಬರೂದಿಲ್ಲ. ಅವು ಕಪ್ಪಗಽ ಕೂಡತಾವ, ಗಣಿತದ ತಾಸಿನಾಗ ನೀ ಕೂತಂಗ."

ಭಾನುವಾರ ಬೆಳಿಗ್ಗೆಯೇ ಫೋಟೋ ತೆಗೆಯಬೇಕು. ಉಳಿದ ದಿನ ಕಾರ್ಖಾನೆಯ ಲಾರಿಗಳು ಓಡಾಡಿ ಕಟ್ಟಡ ನಡುಗುತ್ತಿತ್ತು. ನಮ್ಮ ಕಣ್ಣಿಗೆ ಕಾಣದ ನಡುಕ ಮೈಕ್ರೋಸ್ಕೋಪಿಗೆ ಭೂಕಂಪ. ಪರದೆ ಎಳೆದು, ಬಲ್ಬು ಹಚ್ಚಿ, ಉಸಿರು ಬಿಗಿಹಿಡಿದು ಕಾಕಾ ಕ್ಯಾಮೆರಾದ ಕೇಬಲ್ಲಿನ ಗುಂಡಿಗೆ ಬೆರಳಿಟ್ಟರೆಂದರೆ ಸರಿಯಾಗಿ ಆಗಲೇ ಕೆಳಗಿನ ಮನೆಯ ಜ್ಯೋತ್ಸ್ನಾಬೆನ್ ಚಹಾಕ್ಕೆ ಶುಂಠಿ ಕುಟ್ಟಲು ಶುರುಮಾಡುತ್ತಿದ್ದರು. ನಾನು ಮೆಟ್ಟಿಲಿಳಿದು ಓಡುತ್ತಿದ್ದೆ. ಬಾಗಿಲಲ್ಲಿ ನನ್ನನ್ನು ಕಂಡೊಡನೆ ಕುಟ್ಟಾಣಿ ಕೆಳಗಿಟ್ಟು, "ಪಾಛೋ ಫೋಟೋ?", ಮತ್ತೆ ಫೋಟೋನಾ, ಎಂದು ಹಣೆ ಬಡಿದುಕೊಳ್ಳುತ್ತಿದ್ದರು.

ಕಾಕಾನ ಬಳಿ ಉದ್ದನೆಯ ಒಂದು ನೋಟುಬುಕ್ಕಿತ್ತು. ಮುಂದಿನಿಂದ ಸ್ಲೈಡುಗಳ ವಿವರ: ಯಾವ ವಸ್ತು, ಯಾವ ದಿನ, ಎಷ್ಟು ಹೊತ್ತು ಒಣಗಿತು. ಅಂಕಿಗಳೆಲ್ಲ ಕನ್ನಡದವು; ನಾನು ಕನ್ನಡ ಅಂಕಿ ಕಲಿತದ್ದೇ ಆ ಸ್ಲೈಡುಗಳ ಚೀಟಿ ನೋಡಿ. ಪುಸ್ತಕವನ್ನು ತಿರುವಿ ಹಿಂದಿನಿಂದ ತೆರೆದರೆ ತಪ್ಪುಗಳ ಪುಟ. ಯಾರು ಏನು ತಪ್ಪು ಮಾಡಿದರೋ ಅವರೇ ಬರೆದು ಹೆಸರು ಹಾಕಬೇಕು. ಪೆನ್ನಿನಲ್ಲೇ, ಅಳಿಸುವ ಮಾತಿಲ್ಲ. 'ದೀಪ ಆರಿಸದೆ ಊಟಕ್ಕೆ ಹೋದೆ. ದೇಸಾಯಿ.' 'ಸ್ಲೈಡು ಒರೆಸಲು ಅಂಗಿ ಬಳಸಿದೆ. ಗಿರೀಶ.' ಅದು ನಾನು. ಕಾಕಾನ ಹೆಂಡತಿ ಕಾಕುನ ದುಂಡಕ್ಷರದಲ್ಲೂ ಒಂದಿತ್ತು: 'ಪ್ರಯೋಗದ ಸಕ್ಕರಿ ಚಹಾಕ್ಕ ಹಾಕೀನಿ. ಚಹಾ ಛೊಲೋ ಆಗಿತ್ತು.'

ಪ್ರತಿ ಭಾನುವಾರ ಕೆಲಸ ಮುಗಿದ ಮೇಲೆ ಕಾಕಾ ಮೊದಲು ತಮ್ಮದನ್ನು ಬರೆದು, ಆಮೇಲೆ ಪೆನ್ನನ್ನು ನನ್ನತ್ತ ಚಾಚುತ್ತಿದ್ದರು. "ನಿಂದೇನರ ಅದ ಏನು?" ಇದ್ದರೆ ಬರೆಯುತ್ತಿದ್ದೆ. ಅವರು ಓದಿ, ಪಕ್ಕದಲ್ಲಿ ಒಂದು ಗೀಟು ಹಾಕಿ, "ಆತು. ಇನ್ನ ಹೋಗು, ಆಡ್ಲಿಕ್ಕೆ" ಎನ್ನುತ್ತಿದ್ದರು. ಅಲ್ಲಿಗೆ ಆ ತಪ್ಪು ಮುಗಿಯಿತು. ಬೈಗುಳವಿಲ್ಲ, ಅಪ್ಪನಿಗೆ ದೂರಿಲ್ಲ. ಮೆಟ್ಟಿಲಿಳಿಯುವಾಗ ಮೈ ಹಗುರವಾಗಿರುತ್ತಿತ್ತು. ಹಾಗಿದ್ದೂ ಆ ಒಂದನ್ನು ಯಾಕೆ ಬರೆಯಲಿಲ್ಲ ಎಂದು ನನ್ನನ್ನೇ ಕೇಳಿಕೊಂಡು ಇಪ್ಪತ್ತು ವರ್ಷವಾಯಿತು.

ಅದು ಗಾಳಿಪಟದ ಹಬ್ಬ ಉತ್ತರಾಯಣದ ಹಿಂದಿನ ದಿನ. ರಸ್ತೆಯಂಚಿಗೆ ಕಂಬದಿಂದ ಕಂಬಕ್ಕೆ ದಾರ ಎಳೆದು, ಅಂಟು, ಗುಲಾಬಿ ಬಣ್ಣ, ಗಾಜಿನ ಪುಡಿ ಕಲಸಿದ ಮುದ್ದೆಯನ್ನು ಮುಷ್ಟಿಯಲ್ಲಿ ಹಿಡಿದು ಮಾಂಜಾ ತೀಡುವವರು ಹಿಂದೆ ಮುಂದೆ ನಡೆಯುತ್ತಿದ್ದರು. ಹೊಸ ಮಾಂಜಾದಿಂದ ಗುಲಾಬಿ ಪುಡಿ ಉದುರಿ ಕೈ, ಚಡ್ಡಿ, ಮೂಗಿನ ತುದಿ ಎಲ್ಲ ಗುಲಾಬಿ. ಮನೆಯಲ್ಲಿ ಅವ್ವ ಕುಸುರೆಳ್ಳು ಮಾಡುತ್ತಿದ್ದಳು: ಬೆಚ್ಚಗಿನ ತಾಟಿನಲ್ಲಿ ಎಳ್ಳು ಹರವಿ, ಸಕ್ಕರೆ ಪಾಕವನ್ನು ಹನಿಹನಿಯಾಗಿ ಬಿಡುತ್ತ, ಬೆರಳಾಡಿಸುತ್ತ ತಾಸುಗಟ್ಟಲೆ ಕೂರುವುದು. ಎಳ್ಳಿನ ಸುತ್ತ ಬಿಳಿ ಮುಳ್ಳು ಏಳುತ್ತಿದ್ದವು. ಹಿಂದಿನ ಭಾನುವಾರ ಕಾಕಾ ಅಂಥದೊಂದು ಕಾಳನ್ನು ಲೆನ್ಸಿನ ಕೆಳಗಿಟ್ಟು ನೋಡಿ, "ನಿಮ್ಮವ್ವ ಮಾಡೂದೂ ನಾ ಮಾಡೂದೂ ಒಂದಽ ಕೆಲಸ ನೋಡು. ಹರಳು ತನ್ನಷ್ಟಕ್ಕ ತಾ ಹುಟ್ಟೂದಿಲ್ಲ. ಕೂಡಲಿಕ್ಕೆ ಒಂದು ಎಳ್ಳು ಬೇಕು" ಎಂದಿದ್ದರು.

ನನಗೆ ತಾರಸಿಯ ಕೀಲಿಕೈ ಬೇಕಾಗಿತ್ತು. ಅದು ಕಾಕಾನ ಹಿಂದಿನ ಕೋಣೆಯ ಮೊಳೆಗೆ ತೂಗುತ್ತಿತ್ತು. ಕಾಕಾ ಕೆಲಸಕ್ಕೆ ಹೋಗಿದ್ದರು. ಕಾಕು ಕೆಳಗೆ ಜ್ಯೋತ್ಸ್ನಾಬೆನ್ ಮನೆಯಲ್ಲಿ ಹಬ್ಬದ ಉಂಧಿಯು ಪಲ್ಯಕ್ಕೆ ಅವರೆಕಾಯಿ ಬಿಡಿಸುತ್ತಿದ್ದರು. ಬಾಗಿಲು ಯಾವಾಗಿನಂತೆ ತೆರೆದೇ ಇತ್ತು.

ಕಿಟಕಿಯ ಕಟ್ಟೆಯ ಮೇಲೆ ಗಾಜಿನ ಬೋಗುಣಿಯೊಂದನ್ನು ಬೋರಲು ಹಾಕಿತ್ತು. ಅದರಡಿ ನಾಲ್ಕು ಸ್ಲೈಡುಗಳು. ಒಂದೊಂದರ ಮೇಲೂ ಸ್ಪಿರಿಟ್ಟಿನಲ್ಲಿ ಕರಗಿಸಿದ ವಿಟಮಿನ್ ಸಿ ಗುಳಿಗೆಯ ತಿಳಿಯ ಒಂದು ಹನಿ, ನಿಧಾನವಾಗಿ ಒಣಗುತ್ತಿತ್ತು. ಮುಟ್ಟಬಾರದೆಂದು ಗೊತ್ತಿತ್ತು. ಹರಳು ಹುಟ್ಟುವ ಗಳಿಗೆಯನ್ನು ನೋಡಬೇಕೆಂಬ ಆಸೆ. ಬೋಗುಣಿ ಎತ್ತಿದೆ. ಅದರ ಅಂಚು ತಾಗಿ ತುದಿಯ ಸ್ಲೈಡು ಜಾರಿ ನೆಲಕ್ಕೆ ಬಿದ್ದು ಒಡೆಯಿತು. ಅದರ ಚೀಟಿಯ ಮೇಲೆ ೪೧ ಎಂದಿತ್ತು.

ಆಮೇಲೆ ಮಾಡಿದ್ದನ್ನು ಬಹಳ ಚುರುಕಾಗಿ ಮಾಡಿದೆ. ಚೂರುಗಳನ್ನು ಕಾಗದದಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡೆ. ಹೊಸ ಸ್ಲೈಡು ತೆಗೆದೆ. ಕೈ ತೊಳೆಯಲಿಲ್ಲ. ಕಾಕಾ ಪ್ರತಿ ಸಲ ಎರಡೆರಡು ಬಾರಿ ನನ್ನ ಕೈ ತೊಳೆಸುತ್ತಿದ್ದರು, ಆ ದಿನ ತೊಳೆಸುವವರಿರಲಿಲ್ಲ. ಆ ತಿಳಿಯ ಬಾಟಲಿಯಿಂದ ಒಂದು ಹನಿ ಬಿಟ್ಟೆ. ಚೀಟಿಯ ಮೇಲೆ ೪೧ ಎಂದು ಅವರ ಅಕ್ಷರದಂತೆಯೇ ಬರೆದು ಅಂಟಿಸಿದೆ. ಬೋಗುಣಿ ಮುಚ್ಚಿ, ಕೀಲಿಕೈ ತಗೊಂಡು ತಾರಸಿಗೆ ಓಡಿದೆ. ನನ್ನ ಗುಲಾಬಿ ಬೆರಳುಗಳಿಂದ ಪುಡಿ ಉದುರಿ ಆ ಹನಿಯಲ್ಲಿ ಬಿದ್ದದ್ದನ್ನು ನೋಡಿದೆನೇ? ನೋಡಿದಂತೆ ಈಗ ಅನಿಸುತ್ತದೆ. ಆದರೆ ಅದು ಆಗ ಕಂಡದ್ದೋ, ಆಮೇಲೆ ಕಾರಣ ಹೊಳೆದು ನನ್ನ ತಲೆ ತಾನೇ ಸೇರಿಸಿಕೊಂಡದ್ದೋ, ಪ್ರಮಾಣ ಮಾಡಿ ಹೇಳಲಾರೆ.

ಮರುದಿನ ಬೆಳಗಿನಿಂದ ಸಂಜೆಯವರೆಗೂ ತಾರಸಿಯ ಮೇಲೆ, ಎದುರಿನ ಪಟ ಕತ್ತರಿಸಿದವರ "ಕಾಪ್ಯೋ ಛೇ!" ಎಂಬ ಕೂಗು. ಚಿಕ್ಕಿ, ಕಬ್ಬು, ಬೋರೆಹಣ್ಣು, ಹಸಿ ಬೆಳ್ಳುಳ್ಳಿಯ ಘಮ. ಸ್ಲೈಡನ್ನು ನಾನು ಮರೆತೇಬಿಟ್ಟಿದ್ದೆ.

ಭಾನುವಾರ ಕಾಕಾ ಸ್ಲೈಡುಗಳನ್ನು ಒಂದೊಂದಾಗಿ ನೋಡಿದರು. ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು. ಮೂರರಲ್ಲೂ ಯಾವಾಗಿನಂತೆ ದೊಡ್ಡ ದೊಡ್ಡ ಬೀಸಣಿಗೆಗಳು. ನಲವತ್ತೊಂದನೆಯದನ್ನು ಇಟ್ಟು, ಮೇಲಿನ ಹಾಳೆಯನ್ನು ಮತ್ತೆ ಮತ್ತೆ ತಿರುಗಿಸಿದರು. ಕಣ್ಣು ತೆಗೆಯದೆಯೇ, "ಏ ಇಕಿನ, ಬಾ ಇಲ್ಲೆ. ಒಗ್ಗರಣಿ ಸುಟ್ಟರ ಸುಡ್ಲಿ" ಎಂದು ಕಾಕುನನ್ನು ಕರೆದರು.

ಕಾಕು ಸೌಟು ಹಿಡಿದೇ ಬಂದು ಬಗ್ಗಿ ನೋಡಿದರು. "ಅಯ್ಯ! ಇದೇನ್ರೀ, ಪೈಠಣಿ ಸೀರಿ ಸೆರಗು!"

ನಾನೂ ನೋಡಿದೆ. ಚಿಕ್ಕ ಚಿಕ್ಕ ಸೂರ್ಯರು, ಒಬ್ಬರಿಗೊಬ್ಬರು ತಾಗಿಕೊಂಡು. ಪ್ರತಿಯೊಂದರ ನಟ್ಟನಡುವೆ ಒಂದು ಕಪ್ಪು ಚುಕ್ಕಿ, ನವಿಲುಗರಿಯ ಕಣ್ಣಿನಂತೆ. ಒಂದೇ ಸ್ಲೈಡಿಗೆ ಕಾಕಾ ಒಂಬತ್ತು ಫೋಟೋ ತೆಗೆದರು. ಅವರು ಅಷ್ಟು ಧಾರಾಳವಾಗಿ ರೋಲು ಖರ್ಚು ಮಾಡಿದ್ದು ಅದೊಂದೇ ದಿನ.

ಗುಂಡಿ ಒತ್ತುವ ನಡುವೆ ಕೇಳಿದರು, "ತಮ್ಮಾ, ಈ ಕರೀ ಚುಕ್ಕಿ ಏನಿರಬಹುದು? ಬೋಗುಣಿ ಏನರ ಎತ್ತಿದ್ದೇನು ನೀ?"

"ಇಲ್ಲ ಕಾಕಾ."

ಎರಡನೆಯ ಸಲ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಸಂಜೆ ಪೆನ್ನು ನನ್ನತ್ತ ಬಂತು. "ನಿಂದೇನರ ಅದ ಏನು?" ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅವರಿಗೆ ಅಷ್ಟು ಖುಷಿಯಾಗಿತ್ತು. ಅದು ನನ್ನ ಕೈಯ ಕೊಳೆ ಎಂದು ಹೇಗೆ ಹೇಳಲಿ? ಇದೂ ನೆಪವೇ ಇರಬಹುದು.

ಚಿತ್ರವನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದರು. ಕೆಳಗೆ ಚೀಟಿ: ಚಿತ್ರದ ಸಂಖ್ಯೆ, ವಸ್ತು ವಿಟಮಿನ್ ಸಿ, ಒಣಗಿದ ಬಗೆ. ಅಹಮದಾಬಾದಿನ ಶಾಲೆಯೊಂದರಲ್ಲಿ ಮಕ್ಕಳಿಗಾಗಿ ಮೈಕ್ರೋಸ್ಕೋಪಿನ ಚಿತ್ರಗಳ ಪ್ರದರ್ಶನ ಏಪ್ರಿಲ್ಲಿನಲ್ಲಿತ್ತು. ನಡೆಸುತ್ತಿದ್ದ ಮೇಷ್ಟರೊಬ್ಬರು ಕಾಕಾನ ಪರಿಚಯದವರು. ಕಳಿಸಿದ ಎಲ್ಲ ಚಿತ್ರಗಳಲ್ಲಿ ಅದನ್ನೇ ಬಾಗಿಲೆದುರಿನ ಗೋಡೆಗೆ ಹಾಕುತ್ತೇವೆ, ನೀವು ಬಂದು ಮಕ್ಕಳೆದುರು ಆ ಹರಳನ್ನು ಮಾಡಿ ತೋರಿಸಬೇಕು ಎಂದು ಫೋನ್ ಮಾಡಿದರು.

ಕಾಕಾ ಮತ್ತೆ ಮಾಡಲು ಕೂತರು. ಬರಲಿಲ್ಲ. ಸೆಖೆ ಹೆಚ್ಚಾಯಿತೆಂದು ಹಸಿ ಬಟ್ಟೆ ಹಾಕಿ ನೋಡಿದರು, ಫ್ಯಾನಿನಡಿ ಇಟ್ಟರು, ಬಲ್ಬಿನ ಕೆಳಗಿಟ್ಟರು, ಸ್ಪಿರಿಟ್ಟು ಬದಲಿಸಿದರು. ಪ್ರತಿ ಸಲವೂ ಅದೇ ದೊಡ್ಡ ಬೀಸಣಿಗೆ. ಫೆಬ್ರವರಿ ಹೋಯಿತು, ಮಾರ್ಚು ಬಂತು. ಕೆಲಸದಿಂದ ಬಂದವರು ಬೂಟು ಬಿಚ್ಚದೆ ಹಿಂದಿನ ಕೋಣೆಗೆ ಹೋಗುತ್ತಿದ್ದರು.

"ಹೋಳೀ ದಿನಾನೂ ಬಿಡಲಿಲ್ಲ ನೋಡೋ ಗಿರೀಶ," ಎಂದರು ಕಾಕು, "ಊರೆಲ್ಲಾ ಬಣ್ಣ ಆಡೂ ಮುಂದ ಇವರು ಬಾಗಲಾ ಹಾಕ್ಕೊಂಡು ಬಣ್ಣ ಹುಡುಕ್ಲಿಕ್ಕತ್ತಿದ್ರು."

ನನಗೆ ಕಾರಣ ಹೊಳೆದದ್ದು ಅದೇ ದಿನಗಳಲ್ಲಿ. ಡಬ್ಬಿಯ ತಳದಲ್ಲಿ ಉಳಿದಿದ್ದ ಕುಸುರೆಳ್ಳು ತಿನ್ನುವಾಗ ಎಂದು ನೆನಪು. ಸಕ್ಕರೆ ಕರಗಿ ಕೊನೆಗೆ ನಾಲಿಗೆಯ ಮೇಲೆ ಎಳ್ಳು ಉಳಿಯಿತು. ಕೂಡಲಿಕ್ಕೆ ಒಂದು ಎಳ್ಳು ಬೇಕು. ಗಾಜು ಕಪ್ಪಗೆ ಕೂಡುತ್ತದೆ. ಮಾಂಜಾ ಅಂದರೆ ಗಾಜಿನ ಪುಡಿ. ಭಾನುವಾರ ಹೇಳಿಯೇಬಿಡುವುದೆಂದು ಮೇಲೆ ಹೋದೆ. ಬಾಯಿಂದ ಬಂದದ್ದು ಮಾತ್ರ ಬೇರೆ.

"ಕಾಕಾ, ಕುಸುರೆಳ್ಳಿನಾಗ ಎಳ್ಳು ಇರ್ತದಲ್ಲಾ, ಹಂಗ ಇದರಾಗೂ ಏನರ ಬಿದ್ದಿತ್ತೋ ಏನೋ."

ಕಾಕಾ ಕುರ್ಚಿಯಿಂದ ಎದ್ದರು. "ಭೇಷ್! ನನಗಽ ಹೊಳೀಲಿಲ್ಲ ನೋಡು! ಏನು ಬಿದ್ದಿರಬಹುದಂತಿ?"

ಆಗ ಒಂದೇ ಒಂದು ಶಬ್ದ ಸಾಕಾಗಿತ್ತು.

"ಗೊತ್ತಿಲ್ಲ," ಎಂದೆ.

ಅವರು ನೋಟುಬುಕ್ಕಿನ ಮುಂದಿನ ಭಾಗ ತೆರೆದು ದೊಡ್ಡದಾಗಿ ಬರೆದರು: 'ಸಲಹೆ: ಗಿರೀಶ.' ಆ ಭಾಗದಲ್ಲಿ ನನ್ನ ಹೆಸರು ಬಂದದ್ದು ಅದೇ ಮೊದಲು. ನಂತರದ ವಾರಗಳಲ್ಲಿ ಬೀದಿಯ ಧೂಳು, ಸೀಮೆಸುಣ್ಣ, ಮುಖದ ಪೌಡರು, ಕಾಕು ರಂಗೋಲಿ ಹಾಕುವ ಪುಡಿ ಎಲ್ಲವನ್ನೂ ಚಿಟಿಕೆಯಷ್ಟು ಬೆರೆಸಿ ನೋಡಿದರು. ಬೋಗುಣಿ ಮುಚ್ಚಿಯೇ ಇತ್ತು, ಒಳಗೆ ಏನು ಹೋದೀತು ಎಂದು ತಮ್ಮಷ್ಟಕ್ಕೇ ಗೊಣಗುತ್ತಿದ್ದರು. ಗಾಳಿಪಟ ಅವರ ಯೋಚನೆಗೆ ಬರಲೇ ಇಲ್ಲ. ಮುಟ್ಟಿಲ್ಲ ಎಂದು ನಾನು ಹೇಳಿದ್ದೆನಲ್ಲ, ಆ ಕದವನ್ನು ಅವರು ಮುಚ್ಚಿಬಿಟ್ಟಿದ್ದರು.

ಅಹಮದಾಬಾದಿಗೆ ನನ್ನನ್ನೂ ಕರೆದುಕೊಂಡು ಹೋದರು. ಮೈಕ್ರೋಸ್ಕೋಪನ್ನು ರಜಾಯಿಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ರೈಲಿನಲ್ಲಿ ಕೂತಿದ್ದರು, ಎಳೆಗೂಸಿನ ಹಾಗೆ. ಶಾಲೆಯ ಹಾಲಿನ ಬಾಗಿಲೆದುರು ನಮ್ಮ ಸೂರ್ಯರು. ಮಕ್ಕಳು ಸುತ್ತ ನೆರೆದರು. ಕಾಕಾ ಹನಿ ಬಿಟ್ಟು, ಬಲ್ಬಿನಡಿ ಒಣಗಿಸಿ, ಹಾಳೆ ತಿರುಗಿಸಿದರು. ದೊಡ್ಡ ಬೀಸಣಿಗೆಗಳು ಎದ್ದವು. ಚೆನ್ನಾಗಿಯೇ ಇದ್ದವು. ಮಕ್ಕಳು ಓಹೋ ಎಂದರು. ಎರಡು ಜಡೆಯ ಒಬ್ಬ ಹುಡುಗಿ ಮಾತ್ರ ಒಳಗೆ ನೋಡಿ, ಗೋಡೆಯ ಚಿತ್ರ ನೋಡಿ, ಮತ್ತೆ ಒಳಗೆ ನೋಡಿ, "ಅಂಕಲ್, ಯೇ ವೋ ನಹೀಂ ಹೈ" ಎಂದಳು.

ಕಾಕಾ ಮತ್ತೊಂದು ಮಾಡಿದರು. ಮತ್ತೊಂದು. ಅವರ ಕತ್ತಿನ ಹಿಂದೆ ಬೆವರು ಇಳಿಯುತ್ತಿದ್ದುದು ನನಗೆ ಕಾಣುತ್ತಿತ್ತು. ನಾನು ಅವರಿಂದ ಒಂದು ಮಾರು ದೂರ ನಿಂತು ಸ್ಲೈಡು ಒರೆಸಿ ಕೊಡುತ್ತಿದ್ದೆ.

"ಬಿಡಿ ದೇಸಾಯಿಭಾಯಿ," ಎಂದರು ಮೇಷ್ಟರು ಹಿಂದಿಯಲ್ಲಿ. "ಚಿತ್ರ ಸುಂದರವಾಗಿದೆ, ಅಷ್ಟು ಸಾಕು. ಕಲೆ ಅಂತ ನೋಡ್ತಾರೆ."

ಕಾಕಾ ಕನ್ನಡಕ ತೆಗೆದು ಒರೆಸಿಕೊಂಡರು. ತಮ್ಮ ಒರಟು ಹಿಂದಿಯಲ್ಲಿ ಅವರು ಹೇಳಿದ್ದು ಇಷ್ಟು: ಸುಂದರ ಅಂತ ನೋಡುವುದಾದರೆ ಕೆಳಗಿನ ಚೀಟಿ ತೆಗೆಯಬೇಕು. ಚೀಟಿ ಇರಬೇಕು ಅಂದರೆ ಅದು ನಿಜ ಇರಬೇಕು. ಈ ಮಗು ಮನೆಗೆ ಹೋಗಿ ಮಾಡಿ ನೋಡಿದರೆ ಇದು ಬರುವುದಿಲ್ಲ, ಆಗ ತನ್ನ ಕೈಯೇ ಸರಿಯಿಲ್ಲ ಎಂದುಕೊಳ್ಳುತ್ತದೆ.

ಆಮೇಲೆ ಆ ಹುಡುಗಿಗೆ, "ಬೇಟಾ, ಮುಝೆ ನಹೀಂ ಮಾಲೂಮ್" ಎಂದರು. ಸ್ಟೂಲು ಹತ್ತಿ ಚಿತ್ರ ಇಳಿಸಿದರು. ಬಾಗಿಲೆದುರಿನ ಗೋಡೆಯಲ್ಲಿ ಮೊಳೆ ಮಾತ್ರ ಉಳಿಯಿತು.

ಹಿಂದಿರುಗುವಾಗ ನಡಿಯಾದ್ ಸ್ಟೇಷನ್ನಿನಲ್ಲಿ ನನಗೆ ಬಿಸಿ ಗೋಟಾ ಭಜಿ ಕೊಡಿಸಿದರು. ತಾವು ತಿನ್ನಲಿಲ್ಲ. ಚೀಲದಿಂದ ನೋಟುಬುಕ್ಕು ತೆಗೆದು, ಹಿಂದಿನಿಂದ ತೆರೆದು, ಏನೋ ಬರೆದರು. ಬರೆದಾದ ಮೇಲೆ ರೂಢಿಯಂತೆ ಪೆನ್ನು ನನ್ನತ್ತ ಚಾಚಿದರು.

"ನಿಂದೇನರ ಅದ ಏನು?"

ಬಾಯಿ ತುಂಬ ಗೋಟಾ ಇತ್ತು. "ಇಲ್ಲ ಕಾಕಾ."

"ಆತು," ಎಂದರು.

ಜೂನಿನಲ್ಲಿ ಅಪ್ಪನಿಗೆ ಸೂರತ್ತಿಗೆ ವರ್ಗವಾಯಿತು. ಕಾಕಾ ವಿಟಮಿನ್ ಸಿ ಮತ್ತೆ ಮುಟ್ಟಲಿಲ್ಲ. ನಂತರ ಮೈಕ್ರೋಸ್ಕೋಪಿಗೇ ಬಟ್ಟೆ ಮುಚ್ಚಿದರಂತೆ. ಅದು ನನ್ನಿಂದಲೇ ಎಂದು ಹೇಳಿದರೆ ನಾನು ನನ್ನನ್ನು ದೊಡ್ಡವನನ್ನಾಗಿ ಮಾಡಿಕೊಂಡಂತೆ. ಅವರ ಕಣ್ಣಿಗೆ ಪೊರೆ ಬಂದಿತ್ತು, ರೋಲು ತೊಳೆಯುವ ಸ್ಟುಡಿಯೋಗಳೂ ಒಂದೊಂದಾಗಿ ಮುಚ್ಚುತ್ತಿದ್ದವು.

ನಾನು ರಸಾಯನಶಾಸ್ತ್ರವನ್ನೇ ಓದಿದೆ. ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಒಂದು ಮಧ್ಯಾಹ್ನ ವಿಟಮಿನ್ ಸಿಗೆ ಗಾಜಿನ ಪುಡಿ ಬೆರೆಸಿ ನೋಡಿದೆ. ಸೂರ್ಯರು ಬಂದರು, ನಡುವೆ ಕಪ್ಪು ಚುಕ್ಕಿಯೊಂದಿಗೆ. ಆದರೆ ಪುಡಿ ಹಾಕದ ಒಂದು ಸ್ಲೈಡಿನಲ್ಲೂ ಮೂಲೆಯಲ್ಲಿ ಅಂಥವೇ ಎರಡು ಬಂದವು. ಹಾಗಾಗಿ ಅಂದು ಬಿದ್ದದ್ದು ಮಾಂಜಾವೇ ಎಂದು ಸಾಧಿಸಿದಂತೆ ಆಗಲಿಲ್ಲ. ಸಾಧಿಸಿದ್ದರೂ ಏನು? ವಡೋದರಾಕ್ಕೆ ಹೋಗಿ ಹೇಳಿ ಬರಲು ಒಂದು ರೈಲಿನ ದಾರಿ. ಮುಂದಿನ ರಜೆಗೆ, ಅದರ ಮುಂದಿನ ರಜೆಗೆ ಎನ್ನುತ್ತಲೇ ಇದ್ದೆ. ಮೊದಲು ಕಾಕು ಹೋದರು, ಆಮೇಲೆ ಕಾಕಾ.

ಹೋದ ವರ್ಷ ಕೆಲಸದ ಮೇಲೆ ಅಹಮದಾಬಾದಿಗೆ ಹೋದಾಗ ಸ್ಯಾಟಲೈಟ್ ಬಡಾವಣೆಯಲ್ಲಿರುವ ಕಾಕಾನ ಮಗಳು ಮೇಧಾಳ ಮನೆಗೆ ಹೋದೆ. ನಾವು ವಡೋದರಾದಲ್ಲಿದ್ದ ದಿನಗಳಲ್ಲಿ ಅವಳು ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು; ನನಗಿಂತ ಐದಾರು ವರ್ಷ ದೊಡ್ಡವಳು. ಚಿತ್ರ ಅಟ್ಟದ ಮೇಲಿತ್ತು, ಇಳಿಸಿ ಕೊಟ್ಟಳು. ನನ್ನ ನೆನಪಿನಲ್ಲಿ ಅದು ಕಿತ್ತಳೆ ಮತ್ತು ನೀಲಿ. ಕೈಯಲ್ಲಿದ್ದದ್ದು ನೇರಳೆ ಮತ್ತು ಹಳದಿ. ಬಣ್ಣ ಮಾಸಿದೆಯೋ ನಾನೇ ಮಾಸಿದ್ದೇನೋ! ಕಪ್ಪು ಚುಕ್ಕಿಗಳು ಮಾತ್ರ ಇದ್ದ ಹಾಗೇ ಇದ್ದವು.

ನಾನು ಎಲ್ಲ ಹೇಳಿದೆ. ಮೇಧಾಳ ಕನ್ನಡಕ್ಕೆ ಅರ್ಧ ಹಿಂದಿಯ ಆಸರೆ ಬೇಕು.

"ಇಷ್ಟು ಛೋಟೀ ಬಾತ್‌ಗೆ ಇಷ್ಟು ವರ್ಷ? ಪಪ್ಪಾಗೆ ಹೇಳಿದ್ರೆ ನಗ್ತಿದ್ರು ನಾ."

"ಅದಕ್ಕಽ ಹೇಳಬೇಕಿತ್ತು," ಎಂದೆ.

ಅವಳು ಒಳಗೆ ಹೋಗಿ ನೋಟುಬುಕ್ಕು ತಂದಿಟ್ಟಳು. ಹಿಂದಿನಿಂದ ತೆರೆದೆ. ಕಾಕುನ ಚಹಾ ಇತ್ತು, ನನ್ನ ಅಂಗಿ ಇತ್ತು. ಕೊನೆಯ ನಮೂದು: '೪೧ನೆಯದು ಮತ್ತೆ ಬರಲಿಲ್ಲ. ಎಲ್ಲೋ ನನ್ನ ಅಜಾಗರೂಕತೆ. ಅಹಮದಾಬಾದಿನ ಮಕ್ಕಳಿಗೆ ತಪ್ಪು ಚೀಟಿ ತೋರಿಸಿದೆ. ದೇಸಾಯಿ.' ಅಕ್ಷರ ಒಂದಿಷ್ಟೂ ಅಲುಗಾಡಿಲ್ಲ. ಓಡುವ ರೈಲಿನಲ್ಲಿ ಬರೆದದ್ದಾದರೆ ಅಲುಗಾಡಬೇಡವೇ? ಹಾಗಾದರೆ ನಡಿಯಾದ್, ಗೋಟಾ, ನನ್ನತ್ತ ಬಂದ ಪೆನ್ನು? ರೈಲು ಸ್ಟೇಷನ್ನಿನಲ್ಲಿ ನಿಂತಾಗ ಬರೆದಿರಬಹುದು. ಮನೆಗೆ ಬಂದು ಬರೆದಿರಲೂಬಹುದು.

ಅದರ ಕೆಳಗೆ, ಪುಟದ ತುದಿಯಲ್ಲಿ, ಒಂದು ಸಾಲು ಖಾಲಿ ಇತ್ತು. ನನಗಾಗಿಯೇ ಬಿಟ್ಟ ಜಾಗವೋ ಅನಿಸಿತು. ಹಿಂದಿನ ಪುಟಗಳನ್ನು ತಿರುವಿ ನೋಡಿದೆ. ಪ್ರತಿ ನಮೂದಿನ ಕೆಳಗೂ ಅವರು ಒಂದು ಸಾಲು ಖಾಲಿ ಬಿಡುತ್ತಿದ್ದರು.

ಮೇಧಾ ಪೆನ್ನು ಚಾಚಿದಳು. "ಬರಿಬೇಕಾ? ಬರಿ."

ಏನೆಂದು ಬರೆಯಲಿ? ಮಾಂಜಾ ಎಂದು ಬರೆಯಲು ಪುರಾವೆಯಿಲ್ಲ. ಪುಡಿ ಬೀಳುವುದನ್ನು ನೋಡಿದೆ ಎನ್ನಲೂ ಧೈರ್ಯವಿಲ್ಲ. ಇಷ್ಟು ವರ್ಷ ಉಜ್ಜಿ ಉಜ್ಜಿ ನೋಡಿದ ನೆನಪಿನಲ್ಲಿ ಖಂಡಿತ ಎನ್ನಬಹುದಾದದ್ದು ಎರಡೇ ಮಾತು. ಅವನ್ನೇ ಬರೆದೆ: 'ಬೋಗುಣಿ ಎತ್ತಿದ್ದೆ. ಕೇಳಿದಾಗ ಇಲ್ಲ ಎಂದೆ. ಗಿರೀಶ.'

ಈಗ ಫೋನಿಗೊಂದು ಪುಟ್ಟ ಲೆನ್ಸು ಸಿಕ್ಕಿಸಿದರೆ ಹರಳುಗಳ ಸಾವಿರ ಚಿತ್ರ ತೆಗೆಯಬಹುದು. ಇಷ್ಟವಾಗದ ಒಂಬೈನೂರ ತೊಂಬತ್ತೊಂಬತ್ತನ್ನು ಅಲ್ಲೇ ಅಳಿಸಬಹುದು. ಲಾರಿ ಹೋದರೂ ನಡೆಯುತ್ತದೆ, ಶುಂಠಿ ಕುಟ್ಟಿದರೂ ನಡೆಯುತ್ತದೆ. ತಪ್ಪು ಬರೆಯಲು ಪುಟವೇ ಬೇಕಾಗಿಲ್ಲ.

ಬರೆದದ್ದನ್ನು ಮೇಧಾ ಓದಲು ನೋಡಿದಳು. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಪೆನ್ನಿನ ಮುಚ್ಚಳ ಹಾಕಿ ಕೊಟ್ಟೆ. ನೋಟುಬುಕ್ಕು ಮೇಜಿನ ಮೇಲೆ ತೆರೆದೇ ಇತ್ತು. ಅದನ್ನು ತಮ್ಮತ್ತ ತಿರುಗಿಸಿಕೊಂಡು ಓದಿ, ಪಕ್ಕದಲ್ಲಿ ಒಂದು ಗೀಟು ಹಾಕಿ, "ಆತು. ಇನ್ನ ಹೋಗು, ಆಡ್ಲಿಕ್ಕೆ" ಎನ್ನುವವರಿರಲಿಲ್ಲ.